ಮಸೂರವಿಲ್ಲದ ಸೂಕ್ಷ್ಮದರ್ಶಕ: ಕೊಳ್ಳುವ ಮುನ್ನ

ವಸಂತನರಸಾಪುರದ ಯಂತ್ರಭಾಗ ತಯಾರಕರಿಗೂ ಗುಬ್ಬಿ, ಕುಣಿಗಲ್ ಕಡೆಯ ತೆಂಗಿನೆಣ್ಣೆ ಉತ್ಪಾದಕರಿಗೂ ಎಣ್ಣೆಯಲ್ಲಿ ತೇಲುವ ಸೂಕ್ಷ್ಮ ಕಣಗಳು ನಷ್ಟದ ಬಾಬತ್ತೇ ಸರಿ. ಅವನ್ನು ಮಸೂರವಿಲ್ಲದೆ ಕಾಣುವ ವಿಧಾನವೊಂದುಂಟು.

ಸಣ್ಣ ರಂಧ್ರದಿಂದ ಹೊರಟ ಎಲ್‌ಇಡಿ ಬೆಳಕು ಗಾಜಿನ ಪಟ್ಟಿಯ ಮೇಲಿನ ಹನಿಯನ್ನು ಹಾಯ್ದು ಬರುತ್ತದೆ. ಕಣಕ್ಕೆ ತಾಗಿ ಚದುರಿದ ಬೆಳಕು ನೇರವಾಗಿ ಬಂದ ಬೆಳಕಿನೊಡನೆ ಬೆರೆತು, ಕೆಳಗಿನ ಸಂವೇದಕದ ಮೇಲೆ ಉಂಗುರಗಳನ್ನು ಮೂಡಿಸುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿರುವಂತಹ ಸಂವೇದಕವೇ ಇದಕ್ಕೆ ಸಾಕು. ಕೆರೆಯ ಅಲೆಗಳನ್ನು ನೋಡಿ ಕಲ್ಲು ಬಿದ್ದ ಜಾಗವನ್ನು ಹೇಳುವಂತೆ, ಗಣಕಯಂತ್ರವು ಉಂಗುರಗಳಿಂದ ಕಣದ ಆಕಾರವನ್ನು ಲೆಕ್ಕಹಾಕಿ ಕೊಡುತ್ತದೆ. ಇದರ ಮೂಲ ಡೆನಿಸ್ ಗಾಬೋರ್ ಅವರು 1948ರಲ್ಲಿ ಪ್ರಕಟಿಸಿದ ಹೊಲೊಗ್ರಫಿ. 1971ರಲ್ಲಿ ಅವರಿಗೆ ನೊಬೆಲ್ ದೊರೆಯಿತು. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರು ವಿವರಿಸಿದ ಚದುರುವಿಕೆ ಬೇರೆ: ಅಲ್ಲಿ ಬೆಳಕಿನ ಬಣ್ಣವೇ ಬದಲಾಗುತ್ತದೆ. ಮಾರಾಟಗಾರರು ಎರಡನ್ನೂ ಒಂದೇ ಎಂದರೆ ನಂಬಬೇಕಿಲ್ಲ.

ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ವರ್ಧನೆ ಹೆಚ್ಚಿದಷ್ಟೂ ಕಾಣುವ ಕ್ಷೇತ್ರ ಕಿರಿದಾಗುತ್ತದೆ. ಇಲ್ಲಿ ಹನಿಯು ಸಂವೇದಕಕ್ಕೆ ಒತ್ತಿನಲ್ಲಿರುವುದರಿಂದ ಹೆಚ್ಚುಕಡಿಮೆ ಅದರ ಇಡೀ ವಿಸ್ತಾರ ಒಂದೇ ಚಿತ್ರದಲ್ಲಿ ಸಿಗುತ್ತದೆ. ಕಣಗಳ ಎಣಿಕೆಗೆ ಇದು ದೊಡ್ಡ ಅನುಕೂಲ.

ಆದರೆ ಕಣಗಳು ಒತ್ತೊತ್ತಾಗಿದ್ದರೆ ಉಂಗುರಗಳು ಕಲಸಿಹೋಗಿ ಲೆಕ್ಕ ತಪ್ಪುತ್ತದೆ, ಎಣ್ಣೆಯನ್ನು ತೆಳುಗೊಳಿಸಬೇಕಾಗುತ್ತದೆ. ಬೆಳಕು ಹಾಯದ ಲೋಹದ ಮೇಲ್ಮೈಯ ಗೀರು ಈ ಜೋಡಣೆಗೆ ನಿಲುಕದು. ಅಂತಹ ತಪಾಸಣೆಯೇ ಮುಖ್ಯವಾದ ಕಾರ್ಖಾನೆಗೆ ಈ ಖರ್ಚು ವ್ಯರ್ಥ. ಉಳಿದವರು ಮಾರಾಟಗಾರರ ಹನಿಯನ್ನಲ್ಲ, ತಮ್ಮದೇ ಎಣ್ಣೆಯ ಹನಿಯನ್ನೂ ಗಾತ್ರ ತಿಳಿದಿರುವ ಕಣಗಳನ್ನೂ ಇರಿಸಿ, ಎರಡರ ಎಣಿಕೆಯನ್ನೂ ಮೂರು ಬಾರಿ ತೆಗೆಸಿ ನೋಡತಕ್ಕದ್ದು.