ಲೇಬಲ್ಲಿನ ಹೆಸರನ್ನಷ್ಟೇ ನಂಬಬೇಡ

ತಮ್ಮಾ, ನೀನು ಮುಂಬೈ ಜಾಝ್‌ನ ಚರಿತ್ರೆ ಹುಡುಕಲು ಹೊರಟಿದ್ದೀಯೆಂದು ಕೇಳಿ ಸಂತೋಷವಾಯಿತು. 1935ರಲ್ಲಿ ಲಿಯಾನ್ ಆಬಿಯ ತಂಡ ತಾಜ್ ಹೋಟೆಲಿನಲ್ಲಿ ನುಡಿಸಿತು. ಗೋವೆಯ ಚಿಕ್ ಚಾಕೊಲೇಟ್ ತನ್ನ ಜಾಝ್ ಟ್ರಂಪೆಟ್ಟನ್ನು ಹಿಂದಿ ಸಿನಿಮಾಕ್ಕೂ ಒಯ್ದ. ವಾಶಿಯಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತಿದರೆ ಆ ಕಥೆ ನಡೆದ ಊರಿನ ನಡುವೆಯೇ ಇಳಿಯುತ್ತೀ. ಅದನ್ನು ಬಿಡಬೇಡ. ಆದರೆ ಅದೇ 1930ರ ದಶಕದಲ್ಲಿ, ಅದೇ ಮುಂಬೈಗೆ, ಹುಬ್ಬಳ್ಳಿಯಿಂದ ಒಬ್ಬ ತರುಣಿ ಎಚ್‌ಎಂವಿಗೆ ರೆಕಾರ್ಡು ಕೊಡಲು ಬಂದಿದ್ದರು. ಅವರ ಬೆನ್ನನ್ನೂ ಹತ್ತು ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ತಟ್ಟೆಗಳ ಲೇಬಲ್ಲಿನಲ್ಲಿ 'ಗಂಗೂಬಾಯಿ ಹಾನಗಲ್' ಎಂದು ಹುಡುಕಿದರೆ ನಿನಗೇನೂ ಸಿಗದೆ ಹೋಗಬಹುದು. ಕಂಪನಿ ಅಚ್ಚು ಹಾಕಿದ್ದು 'ಗಾಂಧಾರಿ ಹುಬ್ಳಿ' ಅಂತ. ತಟ್ಟೆ ಸಿಕ್ಕಿತೆನ್ನು, ಸೂಜಿ ಇಟ್ಟೆಯೆನ್ನು. ಆಗ ಕೇಳಿಬರುವುದು ತೆಳುವಾದ, ಎತ್ತರದ ಹೆಣ್ಣು ದನಿ. ನಾವೆಲ್ಲ ರೇಡಿಯೋದಲ್ಲಿ ಕೇಳುತ್ತ ಬೆಳೆದ ಆ ಗಂಭೀರವಾದ, ಗಂಡುದನಿಯಂಥ ಕಂಠ ಅಲ್ಲಿಲ್ಲ. ಹೆಸರೂ ಬೇರೆ, ದನಿಯೂ ಬೇರೆ. ಹಾಗಾದರೆ ಇವರು ಬೇರೆ ಯಾರೋ ಎಂದು ಅವಸರದವನು ಬರೆದುಬಿಡುತ್ತಾನೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಬದಲಾಯಿತೆಂಬುದು ಗೊತ್ತಿದ್ದವನಿಗೆ ಮಾತ್ರ ಎರಡೂ ಒಂದೇ ಕಂಠ ಎಂದು ತಿಳಿಯುತ್ತದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ 2009ರವರೆಗೆ ಬಾಳಿದ ಆ ಮಹಾಗಾಯಕಿಯ ತಾರುಣ್ಯದ ಗಾಯನ ಉಳಿದಿರುವುದು ಇಂಥ ಅರಗಿನ ತಟ್ಟೆಗಳಲ್ಲಿಯೇ. ನನಗಂತೂ ಅವು ಹಂಪಿಯ ಶಾಸನಗಳಿಗಿಂತ ಕಡಿಮೆಯಲ್ಲ.

ದನಿ ತೆಳುವಾಗಿ ಕೇಳಲು ಇನ್ನೊಂದು ಕಾರಣವೂ ಇರಬಹುದು. ಹಳೆಯ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತಿನವೇ ಎಂದು ತಿಳಿಯಬೇಡ. 1925ರಲ್ಲಿ ವಿದ್ಯುತ್ ಮುದ್ರಣ ಬರುವ ಮೊದಲಿನವಂತೂ ಒಂದೊಂದು ಒಂದೊಂದು ವೇಗದವು. 72ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡಿದವರು ಕರಿ ಒಂದನ್ನೂ ದಾಟಿ ಕೇಳಿಸುತ್ತಾರೆ. ಹಿಂದೆ ಹಾರ್ಮೋನಿಯಂ ಇದ್ದರೆ ಅದಕ್ಕೆ ಕಿವಿಗೊಡು. ಅದು ಎರಡು ಮನೆಗಳ ನಡುವೆ ನಿಂತಂತೆ ಕೇಳಿಸಿದರೆ ಮೊದಲು ವೇಗವನ್ನು ಸಂಶಯಿಸು, ಕಂಠದ ಮಾತು ಆಮೇಲೆ. ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಅಷ್ಟನ್ನು ಕೇಳಿ ಒಬ್ಬ ಗವಾಯಿಯ ರಾಗವಿಸ್ತಾರ ಅಳೆಯುವುದೂ ನ್ಯಾಯವಲ್ಲ.

ಲೇಬಲ್ಲಿನ ಪಕ್ಕದ ನುಣುಪು ಜಾಗದಲ್ಲಿ ಕೊರೆದ ಮ್ಯಾಟ್ರಿಕ್ಸ್ ನಂಬರು ಇರುತ್ತದೆ. ಕ್ಯಾಟಲಾಗಿನ ನಂಬರು ಮಾರಾಟದ್ದು, ಇದು ಮುದ್ರಣದ್ದು. ಯಾವುದು ಮೊದಲು ಹಾಡಿದ್ದು, ಯಾವುದು ನಂತರದ್ದು ಎಂಬುದನ್ನು ಸಾಮಾನ್ಯವಾಗಿ ಈ ನಂಬರೇ ಹೇಳುತ್ತದೆ. ಜಾಝ್ ಸಂಶೋಧಕರು ಇಂಥ ನಂಬರುಗಳ ಮೇಲೆಯೇ ತಮ್ಮ ಪಟ್ಟಿಗಳನ್ನು ಕಟ್ಟಿದರು. ಗುರುತು ಕೆಲವೊಮ್ಮೆ ಹಾಡಿನೊಳಗೇ ಇರುತ್ತದೆ. ನಮ್ಮಲ್ಲಿ ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತದಲ್ಲಿ ಹಾಡಿ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳಲ್ಲ, ಅದನ್ನು ಠೀವಿ ಎಂದುಕೊಳ್ಳುವವರಿದ್ದಾರೆ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರಾರೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು.

ಚಂದದ ಕಥೆಗಳ ಬಗ್ಗೆ ಎಚ್ಚರವಿರಲಿ. ನ್ಯೂ ಆರ್ಲಿಯನ್ಸಿನ ಬಡಿ ಬೋಲ್ಡನ್ ಜಾಝ್‌ನ ಆದಿಪುರುಷ ಎನ್ನಿಸಿಕೊಂಡವನು. ಅವನ ಒಂದು ರೆಕಾರ್ಡೂ ಉಳಿದಿಲ್ಲ. ಅವನು ಕ್ಷೌರದಂಗಡಿ ಇಟ್ಟಿದ್ದ, ಪತ್ರಿಕೆ ನಡೆಸುತ್ತಿದ್ದ ಎಂದು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂತು. ಡೊನಾಲ್ಡ್ ಮಾರ್ಕ್ವಿಸ್ ಊರಿನ ಹಳೆಯ ಡೈರೆಕ್ಟರಿ, ಸರಕಾರಿ ದಾಖಲೆಗಳನ್ನೆಲ್ಲ ಜಾಲಾಡಿ 1978ರ ತನ್ನ ಪುಸ್ತಕದಲ್ಲಿ ಅವೆರಡೂ ಸುಳ್ಳೆಂದು ತೋರಿಸಿದ. ಬೋಲ್ಡನ್ ಅದರಿಂದ ಸಣ್ಣವನಾಗಲಿಲ್ಲ. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ 'ನನ್ನ ರಸಯಾತ್ರೆ' ಓದುವಾಗಲೂ ಪಕ್ಕದಲ್ಲಿ ತಟ್ಟೆಗಳ ಪಟ್ಟಿ ಇಟ್ಟುಕೋ. ನೆನಪಿಗೆ ಗೌರವ ಕೊಡು, ತಾರೀಖನ್ನು ಮಾತ್ರ ಕಾಗದದಲ್ಲಿ ಹುಡುಕು.

ಈ ದಾರಿಯಲ್ಲಿ ನೀನು ಒಂಟಿಯಲ್ಲ. ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ 1990ರಲ್ಲಿ ಹುಟ್ಟಿದ್ದು ಮುಂಬೈಯಲ್ಲೇ. ಅವರ 'ದಿ ರೆಕಾರ್ಡ್ ನ್ಯೂಸ್' ಸಂಚಿಕೆಗಳನ್ನು ಓದು. ಮೈಕೆಲ್ ಕಿನ್ನಿಯರ್ ಮಾಡಿಟ್ಟ ಆರಂಭಕಾಲದ ಪಟ್ಟಿಗಳನ್ನು ನೋಡು. ಚೋರ್ ಬಜಾರಿಗೂ ಹೋಗು. ಆದರೆ ಅದಕ್ಕಿಂತ ಮೊದಲು ಹೋಗಬೇಕಾದ್ದು ಇಲ್ಲಿಯ ನಮ್ಮ ಕನ್ನಡಿಗರ ಮನೆಗಳಿಗೆ. ಮಾಟುಂಗಾ, ಡೊಂಬಿವಲಿ, ವಾಶಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಬೀಳುತ್ತಿವೆ. ಮನೆ ಖಾಲಿ ಮಾಡುವಾಗ ಅಟ್ಟದ ಪೆಟ್ಟಿಗೆ ಮೊದಲು ಹೋಗುವುದು ರದ್ದಿಯವನಿಗೆ. ಅಜ್ಜ ಅಜ್ಜಿಯರು ಇರುವಾಗಲೇ ಕೇಳು: ಈ ತಟ್ಟೆ ಯಾರು ಕೊಂಡರು, ಯಾವ ಊರಿನಲ್ಲಿ, ಯಾರ ಜೊತೆ ಕೂತು ಕೇಳಿದರು?

ತಟ್ಟೆ ಕೈಗೆ ಸಿಕ್ಕರೆ ಸ್ಪಿರಿಟ್ ಹಚ್ಚಿ ಒರೆಸಬೇಡ, ಅರಗು ಕರಗುತ್ತದೆ. ಒಂದರ ಮೇಲೊಂದು ಪೇರಿಸಬೇಡ, ನಿಲ್ಲಿಸಿಡು. ಎರಡೂ ಮುಖದ ಫೋಟೋ ತೆಗೆ, ಕೊರೆದ ನಂಬರನ್ನು ಬರೆದುಕೋ, ಯಾರ ಮನೆಯದೆಂದು ಅದರ ಕೆಳಗೇ ಬರೆ. ಈ ಭಾನುವಾರವೇ ಶುರುಮಾಡು, ತಮ್ಮಾ. ನಮ್ಮ ಕನ್ನಡ ಸಂಘದ ಹಿರಿಯರನ್ನು ನಾನು ಮಾತಾಡಿಸಿಡುತ್ತೇನೆ.