ಮಗುವಿನ ಹಸಿವು, ಹೋಟೆಲಿನ ಬಿಲ್ಲು

ಪ್ರವಾಸದ ಖರ್ಚಿನಲ್ಲಿ ಪ್ರಯಾಣ ಮತ್ತು ವಸತಿಯ ಮೊತ್ತ ಬಹುಮಟ್ಟಿಗೆ ಮನೆ ಬಿಡುವ ಮೊದಲೇ ಗೊತ್ತಿರುತ್ತದೆ. ಊಟ ತಿಂಡಿಯ ಲೆಕ್ಕ ಮಾತ್ರ ದಾರಿಯಲ್ಲಿ ತೀರ್ಮಾನವಾಗುವಂಥದು. ಜೊತೆಯಲ್ಲಿ ಎರಡರಿಂದ ಆರು ವರ್ಷದ ಮಗುವಿದ್ದರೆ ಅದು ಇನ್ನಷ್ಟು ಕೈಮೀರುತ್ತದೆ. ಮಗು ತಿನ್ನುವುದೇನೋ ಕಡಿಮೆಯೇ. ಆದರೆ ಮುಟ್ಟದೆ ಬಿಟ್ಟ ತಟ್ಟೆ, ಊಟ ಬರುವವರೆಗೆ ಅಳು ನಿಲ್ಲಿಸಲು ಕೊಂಡ ಚಿಪ್ಸ್ ಪೊಟ್ಟಣ, ಅರ್ಧ ಗಂಟೆ ಕಳೆದು ಮತ್ತೆ ಹಸಿವೆಂದಾಗ ಗಾಡಿ ನಿಲ್ಲಿಸಿದ ಇನ್ನೊಂದು ಹೋಟೆಲು, ಇವನ್ನೆಲ್ಲ ಕೂಡಿಸಿದರೆ ಮೆನುವಿನಲ್ಲಿ ಅಗ್ಗವೆನಿಸಿದ ಊಟ ದುಬಾರಿಯಾಗಿರುತ್ತದೆ. ಆದ್ದರಿಂದ ಚಿಕ್ಕ ಮಗುವಿರುವ ಕುಟುಂಬ ನೋಡಬೇಕಾದದ್ದು ತಟ್ಟೆಯ ಬೆಲೆಯನ್ನಲ್ಲ, ಮಗುವಿನ ಹೊಟ್ಟೆಗೆ ನಿಜವಾಗಿ ಸೇರಿದ್ದಕ್ಕೆ ತೆತ್ತ ಬೆಲೆಯನ್ನು.

ಹೀಗೆ ನೋಡಿದರೆ, ಕುಳಿತು ತಿನ್ನುವ ಉಡುಪಿ ಹೋಟೆಲಿಗೆ ಸಾಟಿಯಾದದ್ದು ಸಿಗುವುದು ಕಷ್ಟ. ಅಲ್ಲಿ ಪದಾರ್ಥವನ್ನು ಬಿಡಿಬಿಡಿಯಾಗಿ ಕೊಳ್ಳಬಹುದು: ಒಂದು ಸಿಂಗಲ್ ಇಡ್ಲಿ, ಒಂದು ಕಪ್ ಮೊಸರು, ದೊಡ್ಡವರಿಗೆ ಬೈ ಟು ಕಾಫಿ. ಹಬೆಯಲ್ಲಿ ಬೆಂದ ತಿಂಡಿ ಸಿದ್ಧವಾಗಿಯೇ ಇರುವುದರಿಂದ ಕಾಯುವ ಹೊತ್ತು ಕಡಿಮೆ. ಬೇಕೆನಿಸಿದರೆ ಮತ್ತೊಂದು ಹೇಳಬಹುದು, ಬೇಡವಾದರೆ ನಷ್ಟವಿಲ್ಲ. ಈ ಅಂಕಣ ಬರೆಯುವವರ ಮನೆಯಲ್ಲಿ ರೂಢಿಯಾಗಿರುವ ಕ್ರಮವೂ ಇದನ್ನೇ ನೆಚ್ಚಿಕೊಂಡಿದೆ: ಕುಳಿತ ಕೂಡಲೇ ಮಗುವಿಗೊಂದು ಇಡ್ಲಿ ಹೇಳಿ, ಅದು ಮೇಜಿಗೆ ಬಂದ ಮೇಲಷ್ಟೇ ದೊಡ್ಡವರು ಮೆನು ನೋಡುವುದು. ಹಸಿವು ಅರ್ಧ ಇಳಿದ ಮಗು ಮುಂದಿನ ಇಪ್ಪತ್ತು ನಿಮಿಷ ಕಿಟಕಿಯಾಚೆ ನೋಡುತ್ತ ಕೂರುತ್ತದೆ. ದೊಡ್ಡವರ ಊಟದ ಸುಖ ಆ ಇಪ್ಪತ್ತು ನಿಮಿಷದಲ್ಲಿದೆ.

ದರ್ಶಿನಿಗಳ ಲೆಕ್ಕ ಬೇರೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ಬೆಳೆದ ಈ ಮಾದರಿಯಲ್ಲಿ ಮೊದಲು ದುಡ್ಡು ಕೊಟ್ಟು ಟೋಕನ್ ಪಡೆಯಬೇಕು, ಕೌಂಟರಿನಿಂದ ತಟ್ಟೆಯನ್ನು ತಾವೇ ತರಬೇಕು, ಎತ್ತರದ ಮೇಜಿನ ಬಳಿ ನಿಂತು ತಿನ್ನಬೇಕು. ಬೆಲೆ ಕಡಿಮೆ, ವೇಗ ಹೆಚ್ಚು. ಆದರೆ ಆ ಮೇಜು ಮಗುವಿಗೆ ಎಟುಕದು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕುದಿಯುವ ಸಾಂಬಾರಿನ ಬಟ್ಟಲು ಹಿಡಿಯುವುದು ಅಪಾಯವೂ ಹೌದು. ದೊಡ್ಡವರು ಇಬ್ಬರಿದ್ದು, ಜನ ಕಡಿಮೆಯಿರುವ ಹೊತ್ತಾದರೆ ದರ್ಶಿನಿ ಸಾಕು. ಒಬ್ಬರೇ ಮಗುವಿನೊಡನೆ ಹೊರಟಿದ್ದರೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು ಕುಳಿತುಕೊಳ್ಳುವುದೇ ಸರಿ. ಇಲ್ಲಿ ಉಳಿತಾಯ ಮಾಡಬಾರದು. ಕೆಲವು ಹೋಟೆಲುಗಳಲ್ಲಿ ಎ.ಸಿ. ಹಾಲಿಗೆ ಬೇರೆ ದರವಿರುತ್ತದೆ. ಬೆಳಗಿನ ತಿಂಡಿಗೆ ಅದು ಬೇಕಿಲ್ಲ, ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಇದ್ದರೆ ಖಂಡಿತ ಬೇಕು.

ತಲೆಗಿಷ್ಟು ಎಂದು ದರ ಕಟ್ಟುವ ಊಟಗಳಲ್ಲಿ ಎಚ್ಚರ ಬೇಕು. ಉದಾಹರಣೆಗೆ, ಬಫೆ ಊಟಕ್ಕೆ ತಲೆಗೆ 500 ರೂಪಾಯಿ, ಮಗುವಿಗೆ ಅರ್ಧ ಎಂದಿದ್ದರೆ ಮೂವರ ಕುಟುಂಬಕ್ಕೆ 1,250 ರೂಪಾಯಿ, ಶೇ 5ರ ಜಿಎಸ್‌ಟಿ ಸೇರಿ 1,312 ರೂಪಾಯಿ 50 ಪೈಸೆ. ಮಗುವಿನ ಪಾಲಿನ 250 ರೂಪಾಯಿಗೆ ಅದು ತಿನ್ನುವುದು ಎರಡು ಚಮಚ ಮೊಸರನ್ನ ಮತ್ತು ಐಸ್‌ಕ್ರೀಮು. ಜೊತೆಗೆ ತಂದೆ ತಾಯಿ ಸರದಿಯ ಮೇಲೆ ಎದ್ದು ಹೋಗಿ ಬಡಿಸಿಕೊಳ್ಳಬೇಕು, ಇಬ್ಬರೂ ಒಟ್ಟಿಗೆ ಕುಳಿತು ಉಣ್ಣುವುದೇ ಅಪರೂಪ. ಎಷ್ಟು ವಯಸ್ಸಿನವರೆಗೆ ಮಗುವಿಗೆ ಉಚಿತ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಒಳಗೆ ಕಾಲಿಡುವ ಮೊದಲೇ ಕೇಳಿ ತಿಳಿಯಬೇಕು. ಫುಲ್ ಮೀಲ್ಸ್ ಕೊಡುವ ಹೋಟೆಲುಗಳಲ್ಲಿ ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ ಎಂಬ ಫಲಕವಿರುತ್ತದೆ. ಚಿಕ್ಕ ಮಗು ತಾಯಿಯ ಎಲೆಯಿಂದ ನಾಲ್ಕು ತುತ್ತು ಉಂಡರೆ ಹೆಚ್ಚಿನವರು ಆಕ್ಷೇಪಿಸುವುದಿಲ್ಲ. ಆದರೂ ಕ್ಯಾಶ್ ಕೌಂಟರಿನಲ್ಲಿ ಮೊದಲೇ ಹೇಳಿ ಕೂರುವುದು ಇಬ್ಬರ ಮರ್ಯಾದೆಗೂ ಒಳ್ಳೆಯದು.

ಕೊಡಗು, ಚಿಕ್ಕಮಗಳೂರಿನ ಅನೇಕ ಹೋಂಸ್ಟೇಗಳಲ್ಲಿ ಊಟವೂ ಸೇರಿದ ತಲೆವಾರು ದರವಿರುತ್ತದೆ. ಕಾಯ್ದಿರಿಸುವಾಗಲೇ ಮಗುವಿನ ವಯಸ್ಸು ಹೇಳಿ ದರ ಗೊತ್ತುಮಾಡಿಕೊಳ್ಳಬೇಕು. ಖಾರವಿಲ್ಲದ ಅನ್ನ ಸಾರು ಸಂಜೆ ಏಳಕ್ಕೇ ಸಿಗುವುದೇ ಎಂದೂ ಕೇಳಬೇಕು. ಬೆಂಕಿ ಹಾಕಿ ಮಾತಾಡುತ್ತ ರಾತ್ರಿ ಒಂಬತ್ತಕ್ಕೆ ಬಡಿಸುವ ಊಟ ದೊಡ್ಡವರಿಗೆ ಚೆಂದ, ಮಗು ಅಷ್ಟರಲ್ಲಿ ಬರಿಹೊಟ್ಟೆಯಲ್ಲಿ ನಿದ್ದೆಹೋಗಿರುತ್ತದೆ. ಉತ್ತರ ಕರ್ನಾಟಕದ ಖಾನಾವಳಿಗಳನ್ನು ಖಾರದ ಭಯದಿಂದ ದೂರವಿಡುವ ಅಗತ್ಯವಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ ದೊಡ್ಡವರಿಗಾದರೆ, ಮಗುವಿಗೆ ಅಲ್ಲೇ ಬಿಸಿ ಅನ್ನ, ಗಟ್ಟಿ ಮೊಸರು, ಚಪಾತಿ ಇರುತ್ತವೆ. ಕೇಳಿದರೆ ಅಕ್ಕರೆಯಿಂದ ಬಡಿಸುತ್ತಾರೆ.

ಧರ್ಮಸ್ಥಳ, ಹೊರನಾಡು, ಶೃಂಗೇರಿಯಂಥ ಕ್ಷೇತ್ರಗಳಲ್ಲಿ ಯಾತ್ರಿಕರಿಗೆ ಊಟ ಉಚಿತ. ಅನ್ನ, ಸಾರು, ಪಾಯಸದ ಆ ಊಟ ಮಕ್ಕಳ ನಾಲಿಗೆಗೆ ಒಗ್ಗುತ್ತದೆ. ರಜಾದಿನಗಳಲ್ಲಿ ಸಾಲು ಉದ್ದವಿರುವುದರಿಂದ ಮಗುವಿಗೆ ಮೊದಲೇ ಬಾಳೆಹಣ್ಣು ತಿನ್ನಿಸಿ ನಿಲ್ಲುವುದು ಕ್ಷೇಮ. ಉಳಿದ ಊಟದ ದುಡ್ಡಿನಲ್ಲಿ ಒಂದು ಪಾಲನ್ನು ಅಲ್ಲಿನ ಅನ್ನದಾನದ ನಿಧಿಗೆ ಹಾಕುವ ಕುಟುಂಬಗಳಿವೆ, ಅದು ಒಳ್ಳೆಯ ಪದ್ಧತಿ.

ಎಲ್ಲಿ ಎಂಬುದಕ್ಕಿಂತ ಯಾವಾಗ ಎಂಬುದೇ ಹೆಚ್ಚು ದುಡ್ಡು ಉಳಿಸುತ್ತದೆ. ಹನ್ನೆರಡೂಕಾಲಕ್ಕೆ ಹೋಟೆಲು ಹೊಕ್ಕವರಿಗೆ ಬೇಕಾದ ಮೇಜು ಸಿಗುತ್ತದೆ, ಅನ್ನ ಆಗಷ್ಟೇ ಇಳಿಸಿದ್ದಿರುತ್ತದೆ, ಸಪ್ಲೈಯರ್‌ಗೆ ಮಗುವಿನ ಮಾತು ಕೇಳುವ ಪುರುಸೊತ್ತಿರುತ್ತದೆ. ಒಂದೂವರೆಗೆ ಹೋದವರು ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಕಾಯಬೇಕು. ಊಟದ ಹೊತ್ತಿನಲ್ಲಿ ದೋಸೆ ಹಾಕದ ಹೋಟೆಲುಗಳು ಬಹಳ. ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ಊಟ ಮುಗಿದು ತಿಂಡಿ ಆರಂಭವಾಗದ ಕಡೆಗಳೂ ಉಂಟು. ಆ ಹೊತ್ತಿನಲ್ಲಿ ಹಸಿದ ಮಗುವಿಗೆ ಸಿಗುವುದು ಬೇಕರಿಯ ಪಫ್ ಮತ್ತು ಬಿಸ್ಕತ್ತು. ಹೆದ್ದಾರಿಗಳಿಂದಾಗಿ ಈ ಯೋಜನೆ ಇನ್ನೂ ಮುಖ್ಯವಾಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಹಳೆಯ ರಸ್ತೆಯಲ್ಲಿ ಕಂಡಲ್ಲಿ ನಿಲ್ಲಿಸುತ್ತಿದ್ದ ಸೌಕರ್ಯ ಈಗಿಲ್ಲ. ಎಲ್ಲಿ ಇಳಿಯಬೇಕೆಂದು ಹೊರಡುವಾಗಲೇ ಗುರುತಿಸಿಕೊಳ್ಳಬೇಕು. ಮಗುವಿದ್ದರೆ ಬಿಡದಿಯ ತಟ್ಟೆ ಇಡ್ಲಿಗೆ ಇಳಿಯುವುದು ಒಳ್ಳೆಯ ಆಯ್ಕೆ: ಮೆತ್ತಗಿನ ಒಂದೇ ಇಡ್ಲಿ, ಮೇಲೆ ಬೆಣ್ಣೆ. ಗರಿಗರಿ ಮದ್ದೂರು ವಡೆಯನ್ನು ದೊಡ್ಡವರು ಕಟ್ಟಿಸಿಕೊಂಡು ಹೋಗಬಹುದು.

ಪದಾರ್ಥ ಆರಿಸುವಾಗ ಖಾರದಷ್ಟೇ ಗಮನ ಕೊಡಬೇಕಾದದ್ದು ಕಡಲೆಬೀಜಕ್ಕೆ. ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿಯ ಇಡೀ ಕಡಲೆಬೀಜ ನಾಲ್ಕು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ, ಆರಿಸಿ ತೆಗೆದೇ ಕೊಡಬೇಕು. ಪೊಂಗಲ್‌ನ ಮೆಣಸನ್ನೂ ಹಾಗೆಯೇ. ಹಸಿ ತರಕಾರಿ, ಐಸ್ ಹಾಕಿದ ಹಣ್ಣಿನ ರಸ ಪ್ರಯಾಣದಲ್ಲಿ ಬೇಡ. ರಾಗಿ ಸರಿಯ ಪುಡಿ ಕೈಯಲ್ಲಿದ್ದರೆ ಯಾವ ಹೋಟೆಲಿನಲ್ಲೂ ಒಂದು ಲೋಟ ಕುದಿಸಿದ ನೀರು ಕೇಳಿ ಪಡೆಯಬಹುದು.

ಮಿತವ್ಯಯವೆಂದರೆ ಪ್ರವಾಸವಿಡೀ ಇಡ್ಲಿ ಮೊಸರನ್ನದಲ್ಲೇ ಮುಗಿಸುವುದಲ್ಲ. ಉಳಿದ ಊಟಗಳಲ್ಲಿ ಉಳಿಸಿದ್ದನ್ನು ಮನಸ್ಸಿಗೆ ಹಿಡಿಸುವ ಒಂದು ಊಟಕ್ಕೆ ಎತ್ತಿಡುವುದು ನ್ಯಾಯವಾದ ಖರ್ಚು. 1924ರಿಂದ ನಡೆದು ಬಂದಿರುವ ಎಂಟಿಆರ್‌ನಲ್ಲಿ ಒಂದು ಬೆಳಗಿನ ತಿಂಡಿ, ಮೈಸೂರಿನ ಮೈಲಾರಿ ದೋಸೆ, ಮಂಗಳೂರಿನ ಮೀನೂಟ ಇವೆಲ್ಲ ಮಗುವಿನೊಡನೆಯೂ ಸಾಧ್ಯ. ಮೈಲಾರಿ ದೋಸೆ ಎಷ್ಟು ಮೃದುವೆಂದರೆ ಹಲ್ಲು ಬರುತ್ತಿರುವ ಮಗುವೂ ಅದರಲ್ಲಿ ಪಾಲು ಕೇಳುತ್ತದೆ. ಕರಾವಳಿಯ ಗಡ್‌ಬಡ್ ಐಸ್‌ಕ್ರೀಮಿಗೆ ಇನ್ನೊಂದು ಗ್ಲಾಸು ಬೇಡ, ಇನ್ನೊಂದು ಚಮಚ ಸಾಕು. ಇಂಥ ಊಟವನ್ನು ಮಗು ನಿದ್ದೆ ಮಾಡಿ ಎದ್ದ ಹೊತ್ತಿಗೆ ಹೊಂದಿಸಬೇಕು.

ಬಿಲ್ಲು ಬಂದಾಗ ನೋಡಬೇಕಾದ ಸಾಲುಗಳು ಕೆಲವು. 2017ರ ನವೆಂಬರ್‌ನಿಂದ ಎ.ಸಿ. ಇರಲಿ ಇಲ್ಲದಿರಲಿ, ಸಾಮಾನ್ಯ ರೆಸ್ಟೋರೆಂಟುಗಳಲ್ಲಿ ಜಿಎಸ್‌ಟಿ ಶೇ 5. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಸಾಮಾನ್ಯವಾಗಿ ಶೇ 18. ಅಂದರೆ 600 ರೂಪಾಯಿಯ ಊಟಕ್ಕೆ ಒಂದು ಕಡೆ 30, ಇನ್ನೊಂದು ಕಡೆ 108 ರೂಪಾಯಿ ತೆರಿಗೆ. ದೊಡ್ಡ ಹೋಟೆಲಿನಲ್ಲಿ ತಂಗಿದವರೂ ಮಗುವಿನ ತಿಂಡಿಗೆ ಹೊರಗೆ ಬರುವುದು ಇದರಿಂದಲೇ ಲಾಭ. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲುಗಳು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಾಟಲಿ ನೀರಿನ ವಿಷಯ ಬೇರೆ: ಮೇಜಿಗೆ ತಂದುಕೊಡುವ ನೀರಿಗೆ ಹೋಟೆಲುಗಳು ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಮಗುವಿನ ಕುದಿಸಿದ ನೀರನ್ನು ಮನೆಯಿಂದಲೇ ತಂದವರಿಗೆ ಈ ಖರ್ಚು ತಪ್ಪುತ್ತದೆ.

ಟಿಪ್ಸ್ ಕಡ್ಡಾಯವಲ್ಲ. ಆದರೂ ಮಗುವಿನ ಸುತ್ತ ಚೆಲ್ಲಿದ ಅನ್ನ, ನೆಲಕ್ಕೆ ಬಿದ್ದ ಚಟ್ನಿ ಒಬ್ಬರ ಕೆಲಸವನ್ನು ಹೆಚ್ಚಿಸಿರುತ್ತದೆ. ಏಳುವ ಮೊದಲು ದೊಡ್ಡ ಅಗುಳುಗಳನ್ನು ತಟ್ಟೆಗೆ ಒಟ್ಟುಮಾಡಿಡಬೇಕು. ಟಿಪ್ಸನ್ನು ಬಿಲ್ಲಿನ ತಟ್ಟೆಯಲ್ಲಿ ಬಿಟ್ಟರೆ ಮೇಜು ಒರೆಸುವವರಿಗೆ ತಲುಪುತ್ತದೆಂಬ ಖಾತ್ರಿಯಿಲ್ಲ. ಅದನ್ನು ಅವರ ಕೈಗೇ ಕೊಡಬೇಕು, ಆ ಮೊತ್ತವನ್ನು ದಿನದ ಊಟದ ಖರ್ಚಿನಲ್ಲಿ ಮೊದಲೇ ಸೇರಿಸಿಟ್ಟಿರಬೇಕು.