ಮನೆಯಲ್ಲಿರುವ ಫೋಟೋ ನೆಗೆಟಿವ್‌ಗಳ ಸುರಕ್ಷಿತ ಶುಚೀಕರಣ

ಡಿಜಿಟಲ್ ಕ್ಯಾಮೆರಾ ಬರುವ ಮುನ್ನ ತೆಗೆದ ಬಹುತೇಕ ಛಾಯಾಚಿತ್ರಗಳಿಗೆ ಒಂದು ಮೂಲಪ್ರತಿ ಉಂಟು. ಅದೇ ನೆಗೆಟಿವ್. ಗೋಡೆಯ ಮೇಲಿನ ಪಟ ಮಾಸಿದರೂ, ಆಲ್ಬಂ ಗೆದ್ದಲಿನ ಪಾಲಾದರೂ, ನೆಗೆಟಿವ್ ಉಳಿದಿದ್ದರೆ ಚಿತ್ರವನ್ನು ಮತ್ತೆ ಪಡೆಯಬಹುದು. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳಿಗೆ ಹಿರಿಯರ ಮುಖವನ್ನು ಮೊಮ್ಮಕ್ಕಳಿಗೆ ತೋರಿಸಲು ಉಳಿದಿರುವುದು ಇಂತಹ ಕೆಲವು ತುಣುಕುಗಳೇ. ಅವಸರದ ಶುಚೀಕರಣದಿಂದ ಅವುಗಳಿಗೆ ಧೂಳಿನಿಂದಾಗುವುದಕ್ಕಿಂತ ಹೆಚ್ಚಿನ ಹಾನಿಯಾಗುತ್ತದೆ. ಧೂಳನ್ನು ನಾಳೆಯೂ ತೆಗೆಯಬಹುದು. ಒಮ್ಮೆ ಬಿದ್ದ ಗೀರನ್ನು ಅಳಿಸಲಾಗದು. ಆದ್ದರಿಂದ ಅತ್ಯಂತ ಮೃದುವಾದ ಕ್ರಮದಿಂದ ಆರಂಭಿಸಿ, ಅಷ್ಟರಿಂದಲೇ ಕೆಲಸವಾದರೆ ಅಲ್ಲಿಗೇ ನಿಲ್ಲಿಸತಕ್ಕದ್ದು.

ನೆಗೆಟಿವ್‌ನ ರಚನೆ

ನೆಗೆಟಿವ್‌ನಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಒಂದು ಪ್ಲಾಸ್ಟಿಕ್ ಆಧಾರ; ಈ ಬದಿ ಹೊಳೆಯುತ್ತದೆ. ಇನ್ನೊಂದು ಅದರ ಮೇಲಿನ ಜಿಲೆಟಿನ್ ಲೇಪನ. ಈ ಬದಿ ತುಸು ಮಂಕಾಗಿರುತ್ತದೆ. ಚಿತ್ರವಿರುವುದು ಲೇಪನದಲ್ಲಿ. ಕಪ್ಪು-ಬಿಳುಪು ಫಿಲಂನಲ್ಲಿ ಅದು ಬೆಳ್ಳಿಯ ಸೂಕ್ಷ್ಮ ಕಣಗಳಿಂದಲೂ ವರ್ಣ ಫಿಲಂನಲ್ಲಿ ರಂಗುದ್ರವ್ಯಗಳಿಂದಲೂ ಮೂಡಿರುತ್ತದೆ. ಜಿಲೆಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ದೊರೆಯುವ ವಸ್ತು. ನೀರು ತಗುಲಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ತೇವವಿರುವಲ್ಲಿ ಬೂಷ್ಟಿಗೆ ಆಹಾರವಾಗುತ್ತದೆ.

35 ಮಿ.ಮೀ. ಫಿಲಂನ ಒಂದು ಚಿತ್ರದ ಅಳತೆ 24 × 36 ಮಿ.ಮೀ. ಅದನ್ನು 8 × 10 ಅಂಗುಲಕ್ಕೆ ಹಿಗ್ಗಿಸಿದಾಗ ಎಲ್ಲವೂ ಸುಮಾರು ಎಂಟು ಪಟ್ಟು ದೊಡ್ಡದಾಗುತ್ತದೆ. 0.1 ಮಿ.ಮೀ. ಗಾತ್ರದ ಧೂಳಿನ ಕಣ ಬೆಳಕನ್ನು ತಡೆದು, ಮುದ್ರಿತ ಚಿತ್ರದಲ್ಲಿ ಸುಮಾರು 0.8 ಮಿ.ಮೀ. ಅಗಲದ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಲೇಪನವನ್ನೇ ಕಿತ್ತ ಗೀರಾದರೆ ಕಪ್ಪು ಗೆರೆಯಾಗಿ ಮೂಡುತ್ತದೆ.

ಮೊದಲು ವಿಂಗಡಣೆ

ಎಲ್ಲ ನೆಗೆಟಿವ್‌ಗಳನ್ನೂ ಮನೆಯಲ್ಲಿ ಶುಚಿಗೊಳಿಸಲಾಗದು. ಕೆಳಕಂಡವುಗಳನ್ನು ಬೇರ್ಪಡಿಸಿ ತಜ್ಞರಿಗೆ ಒಪ್ಪಿಸಬೇಕು:

1. ವಿನಿಗರ್‌ನಂತಹ ಹುಳಿ ವಾಸನೆ ಬರುವವು, ಸುಕ್ಕುಗಟ್ಟಿದವು. ಇವುಗಳ ಅಸಿಟೇಟ್ ಆಧಾರ ಶಿಥಿಲವಾಗುತ್ತಿದೆ.

2. ಒಂದಕ್ಕೊಂದು ಅಂಟಿಕೊಂಡವು, ಲೇಪನ ಎದ್ದುಬಂದವು. ಇವನ್ನು ಎಳೆದು ಬಿಡಿಸಕೂಡದು.

3. ಗಾಜಿನ ಫಲಕಗಳು.

4. ಹಳೆಯ ಸ್ಟುಡಿಯೋಗಳಲ್ಲಿ ಪೆನ್ಸಿಲ್ ಅಥವಾ ಬಣ್ಣದಿಂದ ತಿದ್ದಿದವು. ಒರೆಸಿದರೆ ಕುಶಲಕರ್ಮಿಯ ಆ ತಿದ್ದುಪಡಿಯೂ ಅಳಿಸಿಹೋಗುತ್ತದೆ.

5. 1950ರ ದಶಕಕ್ಕಿಂತ ಹಿಂದಿನವು, ಅಂಚಿನಲ್ಲಿ ‘ಸೇಫ್ಟಿ’ ಎಂಬ ಮುದ್ರೆ ಇಲ್ಲದವು. ಇವು ನೈಟ್ರೇಟ್ ಫಿಲಂ ಆಗಿರಬಹುದು. ನೈಟ್ರೇಟ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಉರಿಯಲು ಬೇಕಾದ ಆಮ್ಲಜನಕವೂ ಅದರಲ್ಲೇ ಇರುವುದರಿಂದ ಬೆಂಕಿಯನ್ನು ಆರಿಸುವುದು ಕಷ್ಟ. ಕೊಡಕ್ ಸಂಸ್ಥೆ ಇದರ ತಯಾರಿಕೆಯನ್ನು 1951ರಲ್ಲಿ ನಿಲ್ಲಿಸಿತು. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಫಿಲಂಗಳು ಬೆಂಕಿಗೆ ಆಹುತಿಯಾದವು.

ಧೂಳು ತೆಗೆಯುವ ಕ್ರಮ

ಪಂಖವನ್ನು ನಿಲ್ಲಿಸಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಬಳಿಕ ಶುಭ್ರವಾದ ಬಿಳಿ ಕಾಗದ ಹಾಸಬೇಕು. ಕೈ ತೊಳೆದು ಒಣಗಿಸಿ, ಎಳೆ ಬಿಡದ ಹತ್ತಿಯ ಕೈಗವಸು ಧರಿಸಬೇಕು. ಫಿಲಂ ಅನ್ನು ಅಂಚುಗಳಲ್ಲಿ ಮಾತ್ರ ಹಿಡಿಯಬೇಕು. ಸಾಧ್ಯವಾದರೆ ಈ ಹಂತದಲ್ಲೇ ಸ್ಕ್ಯಾನ್ ಮಾಡಿ ಒಂದು ಪ್ರತಿ ಇರಿಸಿಕೊಳ್ಳುವುದು ಲೇಸು.

ರಬ್ಬರಿನ ಬುರುಡೆಯುಳ್ಳ ಬ್ಲೋವರ್‌ನಿಂದ ಗಾಳಿ ಹಾಯಿಸಿ ಧೂಳನ್ನು ಹಾರಿಸಬೇಕು. ಬಾಯಿಂದ ಊದಕೂಡದು, ಎಂಜಲಿನ ಹನಿ ಕಲೆಯಾಗಿ ಉಳಿಯುತ್ತದೆ. ಇನ್ನೂ ಕಣಗಳಿದ್ದರೆ ಇದಕ್ಕೆಂದೇ ಮೀಸಲಿಟ್ಟ ಮೃದು ಕುಂಚದಿಂದ ಒಂದೇ ದಿಕ್ಕಿನಲ್ಲಿ, ಒತ್ತಡವಿಲ್ಲದೆ ಸವರಬೇಕು. ಒಣ ಬಟ್ಟೆಯಿಂದ ಉಜ್ಜಿದರೆ ಮರಳಿನಂತಹ ಕಣಗಳು ಗೀರು ಮಾಡುತ್ತವೆ. ಉಜ್ಜುವಾಗ ಹುಟ್ಟುವ ಸ್ಥಿರವಿದ್ಯುತ್ತು ಮತ್ತಷ್ಟು ಧೂಳನ್ನು ಸೆಳೆಯುತ್ತದೆ. ಬಹುಪಾಲು ನೆಗೆಟಿವ್‌ಗಳಿಗೆ ಇಷ್ಟೇ ಸಾಕು.

ಬೆರಳಚ್ಚು ಮತ್ತು ಜಿಡ್ಡು

ಜಿಡ್ಡಿಗೆ ಫಿಲಂ ಕ್ಲೀನರ್ ಅಥವಾ ಶೇಕಡಾ 98ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಬಹುದು. ಔಷಧ ಅಂಗಡಿಯ ಶೇಕಡಾ 70ರ ದ್ರವದಲ್ಲಿ ನೀರು ಬೆರೆತಿರುವುದರಿಂದ ಅದು ಸಲ್ಲದು. ಮೊದಲು ಮಹತ್ವವಿಲ್ಲದ ಒಂದು ತುಣುಕಿನ ಅಂಚಿನಲ್ಲಿ ಪರೀಕ್ಷಿಸಬೇಕು. ದ್ರವವನ್ನು ಫಿಲಂ ಮೇಲೆ ಸುರಿಯದೆ, ಎಳೆ ಬಿಡದ ಬಟ್ಟೆಗೆ ಹನಿಸಿ, ಹೊಳೆಯುವ ಬದಿಯಲ್ಲಿ ಒಂದೇ ದಿಕ್ಕಿಗೆ ಹಗುರವಾಗಿ ಒರೆಸಬೇಕು. ಕಿಟಕಿಗಳು ತೆರೆದಿರಲಿ, ಒಲೆ, ದೀಪ, ಊದುಬತ್ತಿ ಹತ್ತಿರವಿರಕೂಡದು. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ಅಸಿಟೇಟ್ ಆಧಾರವನ್ನೇ ಕರಗಿಸುತ್ತದೆ. ಹಿಂದೆ ಬಳಕೆಯಲ್ಲಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತಿಗೆ ವಿಷಕಾರಿ; ಹಳೆಯ ಬಾಟಲಿ ಮನೆಯಲ್ಲಿದ್ದರೂ ಉಪಯೋಗಿಸಬಾರದು.

ಬೂಷ್ಟು

ಮುಂಬಯಿ, ಚೆನ್ನೈಗಳಂತಹ ಕರಾವಳಿ ನಗರಗಳಲ್ಲಿ ಬೂಷ್ಟಿನ ಕಾಟ ಹೆಚ್ಚು. ಬೂಷ್ಟು ಹಿಡಿದ ನೆಗೆಟಿವ್‌ಗೆ ನೀರು ಸೋಕಿಸಲೇಬಾರದು. ಬೂಷ್ಟು ಜಿಲೆಟಿನ್ನನ್ನು ಕರಗುವ ಸ್ಥಿತಿಗೆ ತಂದಿರುತ್ತದೆ. ತೊಳೆದರೆ ಕೊಳೆಯೊಡನೆ ಚಿತ್ರವೂ ಹರಿದುಹೋಗುತ್ತದೆ. ಅದನ್ನು ಸಿಲಿಕಾ ಜೆಲ್ ಇರಿಸಿದ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಒಣಗಿಸಿ, ಅನಂತರ ಮೂಗು-ಬಾಯಿ ಮುಚ್ಚಿಕೊಂಡು, ಮನೆಯ ಹೊರಗೆ ಗಾಳಿಯಿಲ್ಲದ ನೆರಳಿನಲ್ಲಿ ಮೃದು ಕುಂಚದಿಂದ ಸವರಬೇಕು. ಆ ಕುಂಚವನ್ನು ಬೇರೆ ನೆಗೆಟಿವ್‌ಗಳಿಗೆ ಬಳಸಬಾರದು.

ಶೇಖರಣೆ

ಶುಚಿಯಾದ ನೆಗೆಟಿವ್‌ಗಳನ್ನು ಆಮ್ಲರಹಿತ ಕಾಗದದ ಅಥವಾ ಪಾಲಿಪ್ರೊಪಿಲೀನ್ ಹಾಳೆಯ ಲಕೋಟೆಯಲ್ಲಿ ಇಡಬೇಕು. ಪಿ.ವಿ.ಸಿ. ಹಾಳೆ, ವೃತ್ತಪತ್ರಿಕೆ, ರಬ್ಬರ್ ಬ್ಯಾಂಡ್, ಅಂಟುಪಟ್ಟಿ ಬೇಡ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 30ರಿಂದ 50ರೊಳಗಿದ್ದರೆ ಉತ್ತಮ. ಅಡುಗೆಮನೆ, ಅಟ್ಟ, ಮಳೆನೀರು ಒಸರುವ ಗೋಡೆಯ ಪಕ್ಕದ ಕಪಾಟು ಇವು ಯೋಗ್ಯವಲ್ಲ. ಲಕೋಟೆಯ ಮೇಲೆ, ಫಿಲಂ ಒಳಗಿಡುವ ಮುನ್ನವೇ, ವ್ಯಕ್ತಿಗಳ ಹೆಸರು, ಊರು, ವರ್ಷಗಳನ್ನು ಪೆನ್ಸಿಲಿನಲ್ಲಿ ಬರೆಯಬೇಕು.

1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಮನೆಯ ನೆಗೆಟಿವ್‌ಗಳಿಗಾದರೂ ಆ ಗತಿ ಬಾರದಿರಲಿ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಆ ಪೆಟ್ಟಿಗೆಯನ್ನು ತೆರೆಯುವುದು ಒಳಿತು.